ವಾಡಿಯಿಂದ ಬಂದ ಚಂದಮ್ಮನ ಸುದ್ದಿ

ಓದುವ ಮೊದಲೇ ತಿದ್ದುವುದು ಮಡಿವಾಳಯ್ಯ ಮಾಸ್ತರರ ಕೈಗೆ ಹತ್ತಿದ ಚಾಳಿ. ವಾಡಿಯಿಂದ ಮೊಮ್ಮಗಳು ನೀಲಾ ಬರೆದ ಇಂಗ್ಲಿಷ್ ಕಾರ್ಡು ಆ ಶುಕ್ರವಾರ ಸೇಡಂ ಹೈಸ್ಕೂಲಿಗೆ ಬಂದಾಗಲೂ ಹಾಗೇ ಆಯಿತು. ನಡುಹಗಲಿನ ಬಿಡುವು. ಮಾಸ್ತರರ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಶಾಲೆಯ ಸಿಪಾಯಿ ದೇವಿಂದ್ರಪ್ಪ ತಂದಿಟ್ಟ ಚಹಾವನ್ನು ಪಕ್ಕಕ್ಕೆ ಸರಿಸಿ, ಕೆಂಪು ಮಸಿಯ ಪೆನ್ನು ಬಿಚ್ಚಿ ಕಾರ್ಡಿನ ಮೇಲೆ ಕಣ್ಣಾಡಿಸಿದರು. ನಡುವೆ ಎಲ್ಲೋ 'ಕ್ಯಾಚ್ಡ್' ಎಂದಿತ್ತು. ಅದನ್ನು ಹೊಡೆದು ಮೇಲೆ 'ಕಾಟ್' ಎಂದು ಬರೆದರು. ಬರೆದ ಮೇಲೆ, ಹಿಡಿದವರು ಯಾರು, ಹಿಡಿಸಿಕೊಂಡವರು ಯಾರು ಎಂದು ನೋಡಲು ಸಾಲಿನ ಮೊದಲಿಗೆ ಹೋದರು.

ನೀಲಾ ಬರೆದದ್ದು ಇಷ್ಟು. ಈ ವಾರದ ಸುದ್ದಿ. ನಮ್ಮ ಶಾಲೆಗೆ ಹೊಸ ಕರಿಹಲಗೆ ಬಂದಿದೆ. ಚಂದಮ್ಮ ಇನ್ನಿಲ್ಲ. ಸೋಮವಾರ ನಾಯಿ ಅವಳ ಕಾಲು ಹಿಡಿದು ಎಳೆಯಿತು. ಹೊಟ್ಟೆ ಹರಿಯಿತು. ವಾಸನೆ ಬರುತ್ತದೆ ಎಂದು ಅಪ್ಪ ಅವಳನ್ನು ಒಯ್ದು ಎಂಜಿನ್ ಷೆಡ್ಡಿನ ಹಿಂದಿನ ತಗ್ಗಿನಲ್ಲಿ ಒಗೆದು ಬಂದರು. ವಯಸ್ಸಾಗಿತ್ತು, ಹೋದರೆ ಹೋಗಲಿ, ಅಳಬೇಡ ಎಂದು ಅವ್ವ ಹೇಳಿದಳು. ನಾನೊಬ್ಬಳೇ ಅತ್ತೆ. ಬುಧವಾರ ಗಣಿತದ ಪರೀಕ್ಷೆ ಇತ್ತು. ಚೆನ್ನಾಗಿ ಬರೆದಿದ್ದೇನೆ.

'ಚಂದಮ್ಮ ಈಸ್ ನೋ ಮೋರ್' ಎಂಬ ಸಾಲಿನಲ್ಲಿ ಒಂದು ತಪ್ಪೂ ಇರಲಿಲ್ಲ. ಮಾಸ್ತರರು ಅದನ್ನು ಮತ್ತೆ ಮತ್ತೆ ಓದಿದರು. ಎಲ್ಲಾದರೂ ತಪ್ಪು ಸಿಕ್ಕರೆ ಅರ್ಥವೂ ಬದಲಾದೀತೆಂಬ ಆಸೆ. ಸಿಗಲಿಲ್ಲ. ಪೆನ್ನಿನ ಮೊನೆ ಕಾರ್ಡಿನ ಮೇಲೇ ನಿಂತಿದ್ದರಿಂದ ಅಲ್ಲಿ ಕೆಂಪು ಮಸಿ ಹರಡಿತು.

ಚಂದಮ್ಮ ಅವರ ಅಕ್ಕ. ಕೊಡ್ಲಿ ಎಂಬ ಹಳ್ಳಿಯಲ್ಲಿ ತಾಯಿ ತೀರಿಕೊಂಡಾಗ ಮಾಸ್ತರರು ಇನ್ನೂ ತೊಟ್ಟಿಲ ಕೂಸು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಆಮೇಲೆ ಅವಳನ್ನು ತೆಂಗಳಿ ಎಂಬ ಊರಿಗೆ ಕೊಟ್ಟರು. ಅವಳಿಗೆ ಗಂಡುಮಕ್ಕಳಿಲ್ಲ, ಲಲಿತಾಬಾಯಿ ಒಬ್ಬಳೇ ಮಗಳು. ಗಂಡ ತೀರಿಕೊಂಡ ಮೇಲೆ ಅಕ್ಕನನ್ನು ಸೇಡಂಗೆ ಕರೆತರಲೆಂದು ಮಾಸ್ತರರು ಬಂಡಿ ಕಟ್ಟಿಸಿಕೊಂಡು ಹೋಗಿದ್ದರು. ಅವಳು ಬರಲಿಲ್ಲ. ವಾಡಿಯಲ್ಲಿ ಮಗಳು ಅಳಿಯನ ಮನೆಗೆ ಹೋಗುತ್ತೇನೆ ಎಂದಳು. ಮಗಳ ಮನೆಯಲ್ಲಿ ಉಣ್ಣುವ ಪದ್ಧತಿ ನಮ್ಮಲ್ಲಿಲ್ಲ ಎಂದು ತಮ್ಮ ನಾಲ್ಕು ಜನರೆದುರು ಹೇಳಿದರು. "ನಿನ್ನ ಮನಿಯಾಗ ಕುಂದ್ರಬೇಕಂದ್ರೂ ನಿನ್ನ ಅಪ್ಪಣಿ ಬೇಕು, ಏಳಬೇಕಂದ್ರೂ ಅಪ್ಪಣಿ ಬೇಕು. ಮಗಳ ಮನಿಯಾಗ ಕಾಲು ಚಾಚಿ ಕುಂದರ್ತೀನಿ" ಎಂದು ಅಕ್ಕ ಅಷ್ಟೇ ಜನರೆದುರು ಹೇಳಿದಳು. ಮಾಸ್ತರರು ಖಾಲಿ ಬಂಡಿ ಹೊಡೆಸಿಕೊಂಡು ಬಂದರು. ಅಂದಿನಿಂದ ವಾಡಿಗೆ ಕಾಲಿಟ್ಟಿರಲಿಲ್ಲ. ಸೇಡಂನಲ್ಲಿ ಪ್ಯಾಸೆಂಜರ್ ಹತ್ತಿದರೆ ಒಂದು ಹೊತ್ತಿನ ಊಟ ಜೀರ್ಣವಾಗುವುದರೊಳಗೆ ವಾಡಿ. ಆದರೂ ವರ್ಷಗಳು ಕಳೆದವು.

ಹೋದ ವರ್ಷ ಲಲಿತಾಬಾಯಿ ಹೇಳಿಕಳಿಸಿದ್ದಳು, ಮಗಳು ನೀಲಾ ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿದ್ದಾಳೆ, ಮಾಮಾ ಏನಾದರೂ ಹಾದಿ ತೋರಿಸಬೇಕು ಎಂದು. ಮಾಸ್ತರರು ತೋರಿಸಿದ ಹಾದಿ ಇದು: ವಾರಕ್ಕೊಂದು ಕಾರ್ಡು, ಮನೆಯಲ್ಲಿ ನಡೆದ ಸುದ್ದಿ ಇಂಗ್ಲಿಷಿನಲ್ಲಿ ಬರೆಯುವುದು, ಅವರು ತಿದ್ದಿ ಲಕೋಟೆಯಲ್ಲಿ ಹಾಕಿ ತಿರುಗಿ ಕಳಿಸುವುದು. ಹುಡುಗಿ ತಪ್ಪದೆ ಬರೆದಳು. ಎಮ್ಮೆ ಈದದ್ದು, ನಲ್ಲಿಯಲ್ಲಿ ನೀರು ಬರದದ್ದು, ಅಪ್ಪನಿಗೆ ರಾತ್ರಿ ಪಾಳಿ ಬಂದದ್ದು, ಎಲ್ಲ ಬರುತ್ತಿತ್ತು. ಅಜ್ಜಿಯ ಸುದ್ದಿ ಒಂದು ಅಕ್ಷರವೂ ಬರುತ್ತಿರಲಿಲ್ಲ. ಕೇಳಲು ಮಾಸ್ತರರಿಗೆ ಬಿಗುಮಾನ. ಕಡೆಗೆ ಒಂದು ಸಲ ವ್ಯಾಕರಣದ ನಡುವೆ ಸೇರಿಸಿದ ಹಾಗೆ, 'ಹೌ ಈಸ್ ಚಂದಮ್ಮ?' ಎಂದು ಬರೆದು ಕಳಿಸಿದರು.

ಉತ್ತರ ಬಂತು. ಚಂದಮ್ಮ ಚೆನ್ನಾಗಿದೆ, ಪೆಟ್ಟಿಗೆಯ ಮೇಲೆ ಕೂತಿದೆ, ನನ್ನ ಜೊತೆ ಮಲಗುತ್ತದೆ ಎಂದು. ಪ್ರತಿ ಸಾಲಿನಲ್ಲೂ 'ಇಟ್'. ಮಾಸ್ತರರಿಗೆ ಸಿಟ್ಟು ಬಂತು. 'ಇಟ್' ಎನ್ನುವುದು ಕಲ್ಲಿಗೆ, ಕಟ್ಟಿಗೆಗೆ, ಮೇಜಿಗೆ. ಮನುಷ್ಯರಿಗೆ ಎಂದೂ ಹಾಗೆ ಬರೆಯಬಾರದು, ಹೆಣ್ಣಾದರೆ 'ಶೀ', ಅವಳನ್ನು ಎನ್ನಲು 'ಹರ್' ಎಂದು ಕೆಂಪು ಮಸಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದು ಕಳಿಸಿದರು. ಆಮೇಲೆ ಹುಡುಗಿ ಆ ತಪ್ಪು ಮಾಡಲಿಲ್ಲ. ವಾರ ವಾರ ಚಂದಮ್ಮನ ಸುದ್ದಿ ಬರತೊಡಗಿತು.

ಅದೇ ಚಂದಮ್ಮ ಈಗ ಇಲ್ಲ. ಅಳಿಯ ಅವಳಿಗೆ ಮಣ್ಣು ಕೊಡಲಿಲ್ಲ, ತಗ್ಗಿನಲ್ಲಿ ಒಗೆದು ಬಂದ. ಒಂದು ತಾರು ಕೊಡುವಷ್ಟು ದಯೆಯೂ ಆ ಮನೆಯಲ್ಲಿ ಇರಲಿಲ್ಲ.

ಮಾಸ್ತರರು ಹೆಡ್ ಮಾಸ್ತರರಿಗೆ ಹೇಳಿದರೋ ಇಲ್ಲವೋ ಅವರಿಗೇ ನೆನಪಿಲ್ಲ. ದೇವಿಂದ್ರಪ್ಪ ಅವರ ಮುಖ ನೋಡಿ, ಕೇಳದೆಯೇ ಬೆನ್ನು ಹತ್ತಿದ. ಮನೆಯಲ್ಲಿ ಹೆಂಡತಿ ಶಿವಕಾಂತಮ್ಮ ಸುದ್ದಿ ಕೇಳಿ ಕಂಬಕ್ಕೆ ಆತುಕೊಂಡು ಕೂತುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ವಿಭೂತಿ, ಬಿಲ್ವಪತ್ರೆ, ಒಂದು ಹೊಸ ಬಿಳಿ ಬಟ್ಟೆ ಗಂಟು ಕಟ್ಟಿಕೊಂಡಳು. ಹೆಣವನ್ನು ತಗ್ಗಿನಿಂದ ತೆಗೆಸಿ, ತೆಂಗಳಿಗೆ ಒಯ್ದು, ಗಂಡನ ಸಮಾಧಿಯ ಪಕ್ಕದಲ್ಲಿ ಮಣ್ಣು ಕೊಡುವುದೆಂದು ಮಾಸ್ತರರು ನಿಶ್ಚಯಿಸಿದರು. ಸ್ಟೇಶನ್ನಿಗೆ ಹೋಗುವಾಗ ಬಸ್ ನಿಲ್ದಾಣದ ಹತ್ತಿರ ತೆಂಗಳಿಯ ಮಜೀದಸಾಬ ಸಿಕ್ಕ. ಬಟ್ಟೆ ಗಂಟು ಹೊತ್ತು ಊರೂರು ತಿರುಗಿ ಮಾರುವವನು. "ನಮ್ಮ ಅಕ್ಕ ಹೋದಳು. ಅಲ್ಲಿ ಕುಣಿ ತೋಡೋ ಹಣಮಪ್ಪಗ ಹೇಳು, ನಾಳಿಗಿ ಕುಣಿ ತಯಾರಿರಲಿ" ಎಂದರು. ಮಜೀದಸಾಬ ಗಂಟು ಕೆಳಗಿಟ್ಟು, ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, ಬಂದ ಬಸ್ಸಿಗೆ ಹತ್ತಿ ಹೋದ.

ಪ್ಯಾಸೆಂಜರ್ ಸೇಡಂ ಬಿಟ್ಟಿತು. ಹೊರಗೆ ತೊಗರಿ ಹೊಲಗಳು ಹಿಂದೆ ಸರಿದವು. ಶಿವಕಾಂತಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಕೇಳಿದಳು:

"ಹಿಂದಿನ ಕಾರ್ಡಿನ್ಯಾಗ ಏನರ ಬರದಿದ್ದಳೇನ್ರಿ? ಅಕ್ಕಗ ಆರಾಮಿಲ್ಲ ಅಂತ?"

ಮಾಸ್ತರರು ಕಿಟಕಿಯ ಸರಳು ಹಿಡಿದರು. "ಶ್ರಾವಣದಾಗ ಬರದಿದ್ದಳು. ರಾತ್ರಿ ಪೂರಾ ಮಳ್ಯಾಗ ಹೊರಗಿದ್ದಳು ಅಂತ."

"ಯಾರು?"

"ಅಕ್ಕ. ಒಳಗ ಕರಕೊಳ್ಳೋದು ಮರತ್ರಂತ. ಮರುದಿನ ಲಲಿತಾ ಬಿಸಲಿಗಿ ಹಾಕಿದಳಂತ."

"ಮತ್ತೇನಿತ್ತು?"

"ಅಳಿಯನ ಹಾಸಿಗ್ಯಾಗ ಕಾಲಿಗಿ ತೊಡಕಿದಳಂತ, ಅವ ಒದ್ದು ಮೂಲಿಗಿ ಕಳಿಸಿದನಂತ. ಆಮ್ಯಾಗ ಒಂದು ಕಣ್ಣು ಹೋಯಿತು ಅಂತ ಬಂತು."

ಶಿವಕಾಂತಮ್ಮ ಸೆರಗು ಇಳಿಸಿದಳು. ಅವಳ ಅಳು ನಿಂತುಹೋಗಿತ್ತು. "ಕಣ್ಣು ಹೋಯಿತು ಅಂತ ಬರದಿದ್ದಳು. ನೀವೇನ ಬರದ್ರಿ ಅದಕ್ಕ?"

ಗಾಡಿ ಮಳಖೇಡ ದಾಟುತ್ತಿತ್ತು. ಮಾಸ್ತರರು ಹೊರಗೆ ನೋಡುತ್ತಲೇ ಹೇಳಿದರು: "ಒನ್ ಐ ಹ್ಯಾಸ್ ಗಾನ್ ಅನಬಾರದು, ಶೀ ಹ್ಯಾಸ್ ಲಾಸ್ಟ್ ಒನ್ ಐ ಅನಬೇಕು ಅಂತ ಬರದೀನಿ."

ಹೆಂಡತಿ ಅವರನ್ನು ಹೊಸಬರನ್ನು ನೋಡಿದ ಹಾಗೆ ನೋಡಿದಳು. ನಂತರ ಎದ್ದು ಹೋಗಿ ಎದುರಿನ ಹಲಗೆಯಲ್ಲಿ, ದೇವಿಂದ್ರಪ್ಪನ ಪಕ್ಕ ಜಾಗ ಬಿಟ್ಟು ಕೂತಳು. ಚಿತ್ತಾಪುರ ಬಂದು ಹೋಯಿತು.

ಮಾಸ್ತರರಿಗೆ ಆ ಕಾರ್ಡುಗಳನ್ನು ಓದಿದಾಗ ಏನನಿಸಿತ್ತೆಂಬುದು ನೆನಪಿತ್ತು. ಅದನ್ನು ಹೆಂಡತಿಗೆ ಹೇಳುವಂತಿರಲಿಲ್ಲ. ಮಳೆಯ ಸುದ್ದಿ ಓದಿ ಮೊದಲು ಎದೆ ಹಿಂಡಿತ್ತು. ಅದರ ಬೆನ್ನಿಗೇ, ನನ್ನ ಮಾತು ಕೇಳಿದ್ದರೆ ಹೀಗಾಗುತ್ತಿತ್ತೇ, ಕಾಲು ಚಾಚಿ ಕೂಡುತ್ತೇನೆ ಅಂದಿದ್ದಳಲ್ಲ, ಈಗ ಅನುಭವಿಸಲಿ ಎಂಬ ಮಾತೂ ಮನಸ್ಸಿನಲ್ಲಿ ಹಾದು ಹೋಗಿತ್ತು. ತಾನಾಗಿ ಹೇಳಿಕಳಿಸಲಿ, ಆಗ ಹೋದರಾಯಿತು ಎಂದು ಕಾದರು. ಅವಳು ಹೇಳಿಕಳಿಸಲಿಲ್ಲ. ಇವರು ಕಾರ್ಡು ತಿದ್ದಿದರು.

ವಾಡಿಯಲ್ಲಿ ಇಳಿದಾಗ ಹೊತ್ತು ಇಳಿಮುಖವಾಗಿತ್ತು. ರೈಲ್ವೆ ಕಾಲನಿಯ ಸಾಲುಮನೆಗಳಲ್ಲಿ ಅಳಿಯ ಗುರುಲಿಂಗಯ್ಯನ ಮನೆಯನ್ನು ಕೇಳಿ ಹುಡುಕಬೇಕಾಯಿತು. ತಂಗಿದ ಮನೆಯಲ್ಲ, ಉಂಡ ಮನೆಯಲ್ಲ. ಷೆಡ್ಡಿನಲ್ಲಿ ಫಿಟರ್ ಆಗಿದ್ದ ಗುರುಲಿಂಗಯ್ಯ ಆಗತಾನೇ ಕೆಲಸ ಮುಗಿಸಿ ಬಂದು, ಅಂಗಳದ ಫರಸಿ ಕಲ್ಲಿನ ಮೇಲೆ ಕೂತು ಕೈಗೆ ಹತ್ತಿದ ಎಣ್ಣೆಯನ್ನು ಸಬಕಾರದಿಂದ ತಿಕ್ಕುತ್ತಿದ್ದ. ಇವರನ್ನು ಕಂಡು ಗಡಬಡಿಸಿ ಎದ್ದ.

"ಬರ್ರಿ ಮಾಮಾ, ಕುಂದ್ರಿ."

"ಎಲ್ಲಿ ಒಗದೀಯೋ ತೋರಸು" ಎಂದರು ಮಾಸ್ತರರು.

"ಏನ್ರಿ?"

"ನಾಯಿ ಹರದದ್ದು. ಷೆಡ್ಡಿನ ಹಿಂದ ಒಗದೀಯಲ್ಲ."

ಗುರುಲಿಂಗಯ್ಯ ಮಾವನ ಮುಖ ನೋಡಿದ, ಹಿಂದೆ ನಿಂತ ದೇವಿಂದ್ರಪ್ಪನ ಮುಖ ನೋಡಿದ. "ಅದೇನ್ರಿ? ಅದನ್ನ ಒಗದು ನಾಕೈದು ದಿನಾತು. ಭಾಳ ನಾತ ಹೊಡೀಲಿಕತ್ತಿತ್ತು. ಹುಡುಗಿ ಹಾಸಿಗ್ಯಾಗ ಇಟ್ಕೊಂಡಿತ್ತು, ಕಸಗೊಂಡು ಒಯ್ದು ಒಗದು ಬಂದೆ. ಅದಕ್ಕಂತ ನೀವು ಸೇಡಂದಿಂದ ಬಂದ್ರೇನು?"

ಅಷ್ಟು ಸಹಜವಾಗಿ ಹೇಳಿದ.  ಜೀವಮಾನದಲ್ಲಿ ಯಾರ ಮೇಲೂ ಕೈ ಮಾಡದ ಮಾಸ್ತರರು ಅಳಿಯನ ಬನಿಯನ್ನಿನ ಕೊರಳು ಹಿಡಿದರು. ದೇವಿಂದ್ರಪ್ಪ ಹಿಂದಿನಿಂದ ಅವನ ಎರಡೂ ರಟ್ಟೆ ಹಿಡಿದ. ಶಿವಕಾಂತಮ್ಮ ಅಂಗಳದಲ್ಲಿ ಕುಕ್ಕರಿಸಿ, ಬಿಳಿ ಬಟ್ಟೆಯನ್ನು ಎದೆಗವಚಿಕೊಂಡು, ಅಕ್ಕನ ಗುಣ ಹಾಡಿ ಅಳತೊಡಗಿದಳು. ಪಕ್ಕದ ಮನೆಯ ಸರ್ವರಬೇಗಂ, ಮನೆಯಲ್ಲೇ ಬಟ್ಟೆ ಹೊಲಿಯುವವಳು, ಸೂಜಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಅವಳ ಹಿಂದೆ ಇನ್ನೂ ನಾಲ್ಕು ಮನೆಯವರು ಬಂದರು.

ಗದ್ದಲ ಕೇಳಿ ಹಿತ್ತಿಲ ಬಾಗಿಲಿನಿಂದ ಚಂದಮ್ಮ ಹೊರಗೆ ಬಂದಳು.

ಎರಡೂ ಕೈಗೆ ಜೋಳದ ಹಿಟ್ಟು. ತಲೆಯ ಮೇಲೆ ಸೆರಗು. ಎರಡೂ ಕಣ್ಣು ಇದ್ದ ಜಾಗದಲ್ಲೇ ಇದ್ದವು. ಮಾಸ್ತರರ ಕೈ ಅಳಿಯನ ಕೊರಳಿನಿಂದ ತಾನಾಗಿ ಜಾರಿತು. ಶಿವಕಾಂತಮ್ಮನ ಅಳು ಬಾಯಲ್ಲೇ ಉಳಿಯಿತು, ಬಾಯಿ ಮುಚ್ಚಲಿಲ್ಲ. ದೇವಿಂದ್ರಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿದ. 

ಚಂದಮ್ಮ ಬಿಳಿ ಬಟ್ಟೆ ನೋಡಿದಳು, ಬಿಲ್ವಪತ್ರೆ ನೋಡಿದಳು, ಅಷ್ಟು ವರ್ಷದಿಂದ ಬಾರದ ತಮ್ಮ ಅಂಗಳದಲ್ಲಿ ನಿಂತದ್ದು ನೋಡಿದಳು.  ಹಿಟ್ಟಿನ ಕೈಯನ್ನೇ ಹಣೆಗೆ ಬಡಿದುಕೊಂಡಳು.

"ಯಾರು ಹೋದರೋ ತಮ್ಮಾ? ಕೊಡ್ಲಿ ಕಾಕಾನೇನು? ಮಕ್ಕಳು ಆರಾಮಿದ್ದಾರೇನೋ?"

ಮಾಸ್ತರರು, "ನೀನು" ಎಂದರು.

"ಏನು?"

"ನೀನೇ ಹೋದಿ ಅಂತ ಕಾರ್ಡು ಬಂದದ."

ಲಲಿತಾಬಾಯಿ ನೀರಿನ ಕೊಡ ಹೊತ್ತು ಬಂದವಳು ಅಂಗಳದ ಬಾಯಿಯಲ್ಲೇ ನಿಂತಳು. ಮಾಸ್ತರರು ಜೇಬಿನಿಂದ ಕಾರ್ಡು ತೆಗೆದು ಅವಳ ಕಡೆ ಚಾಚಿದರು. ಅವಳಿಗೆ ಇಂಗ್ಲಿಷ್ ಬಾರದು. ಗುರುಲಿಂಗಯ್ಯನಿಗೆ ಎಂಜಿನ್ನಿನ ಬಿಡಿಭಾಗಗಳ ಹೆಸರಿಗಿಂತ ಹೆಚ್ಚು ಬಾರದು. ಅಷ್ಟರಲ್ಲಿ ಸರ್ವರಬೇಗಂ ಮನೆಯಿಂದ ನೀಲಾ ಬಂದಳು. ಎರಡು ಜಡೆ, ಉದ್ದ ಲಂಗ. ಕಾರ್ಡು ಕೈಗೆ ತೆಗೆದುಕೊಂಡು, ತಾನು ಬರೆದದ್ದನ್ನು ತಾನೇ ಓದಿ, ಒಂದೊಂದೇ ಸಾಲಿಗೆ ಕನ್ನಡ ಹೇಳುತ್ತ ಹೋದಳು. ನಾಯಿ ಕಾಲು ಎಳೆದಲ್ಲಿಗೆ ಬಂದಾಗ ನಿಂತು ಮಾಸ್ತರರ ಮುಖ ನೋಡಿದಳು.

"ಅಜ್ಜಾ, ಅದು ನನ್ನ ಕರಡಿ. ಚಂದಮ್ಮ ಅಂದ್ರ ನನ್ನ ಕರಡಿ."

ಆ ಕರಡಿಯ ಕತೆಯನ್ನು ಸರ್ವರಬೇಗಂ ಹೇಳಿದಳು. ಯಾರೋ ಹೊಲಿಸಿದ ಶೇರವಾನಿಯಲ್ಲಿ ಉಳಿದ ಕಂದು ಮಕಮಲ್ಲು ಅವಳದು. ಅದನ್ನು ಕತ್ತರಿಸಿ, ಹಳೆಯ ಗಾದಿಯ ಅರಳೆ ತುಂಬಿ, ಅಂಗಿ ಗುಂಡಿಯ ಕಣ್ಣು ಹಚ್ಚಿ ಕರಡಿ ಮಾಡಿಕೊಟ್ಟವಳು ಚಂದಮ್ಮ. ಮೂಗು ಅಜ್ಜಿಯ ಮೂಗಿನ ಹಾಗೇ ಚಪ್ಪಟೆ ಬಂತೆಂದು ನೀಲಾ ಅದಕ್ಕೆ ಅಜ್ಜಿಯ ಹೆಸರೇ ಇಟ್ಟಳು. ಏಳನೆಯ ಇಯತ್ತೆಗೆ ಬಂದರೂ ಅದಿಲ್ಲದೆ ನಿದ್ದೆ ಇಲ್ಲ. ಸೇಡಂ ಅಜ್ಜ ಕಾಗದದಲ್ಲಿ ಚಂದಮ್ಮ ಹೇಗಿದ್ದಾಳೆ ಎಂದು ಕೇಳಿದಾಗ, ಅವ್ವ ಕರಡಿಯ ಸಂಗತಿ ಹೇಳಿಕಳಿಸಿರಬೇಕು ಎಂದು ನೀಲಾ ತಿಳಿದಳು. ಅಜ್ಜಿಯ ಸುದ್ದಿಯಂತೂ ಬರೆಯುವ ಹಾಗೇ ಇರಲಿಲ್ಲ. ಅವನಿಗೆ ನನ್ನ ಸುದ್ದಿ ಬರೀಬ್ಯಾಡ, ಬೇಕಾದರೆ ತಾನೇ ಬಂದು ಕೇಳಲಿ ಎಂದು ಅಜ್ಜಿ ಮೊದಲೇ ತಾಕೀತು ಮಾಡಿದ್ದಳು.

"ನಾ ಇಟ್ ಅಂತನ ಬರದಿದ್ದೆ ಅಜ್ಜಾ. ನೀವ ಬ್ಯಾಡ ಅಂದ್ರಿ. ಶೀ ಅನಬೇಕು ಅಂತ ಗೆರಿ ಹೊಡದು ಬರದ್ರಿ. ಅಜ್ಜಗ ನನ್ನ ಕರಡಿ ಮ್ಯಾಗ ಎಷ್ಟು ಜೀವ ಅಂತ ಅನಕೊಂಡೆ."

ಮೊದಲು ನಕ್ಕವಳು ಚಂದಮ್ಮ. ಆ ನಗೆ ಹೊಟ್ಟೆಯಿಂದ ಬಂತು. ಹಿಟ್ಟಿನ ಕೈಯಿಂದ ಗೋಡೆ ಹಿಡಿದು ನಕ್ಕಳು. ಸರ್ವರಬೇಗಂ ನಕ್ಕಳು, ಕೊರಳು ಸವರಿಕೊಳ್ಳುತ್ತ ಗುರುಲಿಂಗಯ್ಯ ನಕ್ಕ. ಶಿವಕಾಂತಮ್ಮ ಓಡಿ ಹೋಗಿ ಚಂದಮ್ಮನ ಕಾಲು ಹಿಡಿದು, ಕಾಲಿನಿಂದ ಕೈಗೆ, ಕೈಯಿಂದ ಗಲ್ಲಕ್ಕೆ ಮುಟ್ಟಿ ಮುಟ್ಟಿ ನೋಡಿದಳು. ಮಾಸ್ತರರು ಮಾತ್ರ ನಿಂತಲ್ಲೇ ನಿಂತಿದ್ದರು. ಯಾರೋ ಹಗ್ಗ ಹೆಣೆದ ಬಾಜಿನ ಮೇಲೆ ಕೂರಿಸಿ ನೀರು ಕೊಟ್ಟರು. 

ಚಹಾ ಆಯಿತು. ನೆರೆಯವರಿಗೆ ಈ ಚೋದ್ಯ ಇಷ್ಟೇ ಸಾಲಲಿಲ್ಲ. ಹಿಂದಿನ ಕಾರ್ಡುಗಳಲ್ಲಿ ಏನೇನಿದೆ ಓದು ಎಂದರು. ನೀಲಾ ಪೆಟ್ಟಿಗೆಯಿಂದ ಕಟ್ಟು ತಂದಳು. ಒಂದೂ ಹರಿದಿರಲಿಲ್ಲ, ಒಂದೂ ಮಡಿಚಿರಲಿಲ್ಲ.

ಚಂದಮ್ಮ ಹಾಲು ಕುಡಿಯಲಿಲ್ಲ ಎಂದು ಓದಿದಳು. ಎಲ್ಲರೂ ನಕ್ಕರು. ಅಪ್ಪ ಒದ್ದು ಮೂಲೆಗೆ ಕಳಿಸಿದರು ಎಂದು ಓದಿದಳು. ಗುರುಲಿಂಗಯ್ಯ ಕೈ ಮುಗಿದ, ಮತ್ತೆ ನಗೆ. ಒಂದು ಕಣ್ಣು ಹೋಯಿತು ಎಂದು ಓದಿದಳು, ಇನ್ನೂ ನಗೆ. ಚಂದಮ್ಮ ರಾತ್ರಿಯೆಲ್ಲ ಮಳೆಯಲ್ಲಿ ಹೊರಗೆ ಇದ್ದಳು ಎಂದು ಓದಿದಳು. ಈ ಸಲ ನಗೆ ಸ್ವಲ್ಪ ಕಡಿಮೆ ಬಂತು. ಚಂದಮ್ಮ ನಗುವುದನ್ನು ನಿಲ್ಲಿಸಿದ್ದಳು.

"ಇಲ್ಲಿ ತಾ" ಎಂದು ಆ ಕಾರ್ಡನ್ನು ಕೈಗೆ ತೆಗೆದುಕೊಂಡಳು. ಓದಲು ಬಾರದಿದ್ದರೂ ನೀಲಿ ಮಸಿ ಮೊಮ್ಮಗಳದು, ಕೆಂಪು ತಮ್ಮನದು ಎಂಬುದು ಅವಳಿಗೆ ತಿಳಿಯಿತು. "ಇದ್ರಾಗ ಕೆಂಪಂದು ಏನದ?"

ನೀಲಾ ಹೇಳಿದಳು. "ಪುಟ್ಟೆಡ್ ಅನಬಾರದು, ಪುಟ್ ಅನಬೇಕು ಅಂತ ಅದ ಅಜ್ಜಿ. ಪುಟ್ ಅನ್ನೋದು ನಿನ್ನಿಗೂ ಪುಟ್, ಇವತ್ತಿಗೂ ಪುಟ್ ಅಂತ."

"ಮತ್ತೇನಿಲ್ಲ?"

"ಇಲ್ಲ."

"ಕಣ್ಣು ಹೋಗಿದ್ದಕ್ಕ?"

ನೀಲಾ ಅದನ್ನೂ ಹುಡುಕಿ ಹೇಳಿದಳು.  ಸರ್ವರಬೇಗಂ ಒಲೆಯ ನೆಪ ಹೇಳಿ ಎದ್ದಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ಚಂದಮ್ಮ ತಮ್ಮನ ಎದುರು ನೆಲದ ಮೇಲೆ ಕೂತಳು. ದನಿ ಏರಿಸಲಿಲ್ಲ. "ನಾ ಮಳ್ಯಾಗ ಬಿದ್ದೀನಿ ಅಂತ ಓದಿದಿ. ಅಳಿಯ ಒದ್ದಾನ ಅಂತ ಓದಿದಿ. ಕುರುಡಿ ಆಗೀನಿ ಅಂತ ಓದಿದಿ. ಖರೇ ಅಂತನ ತಿಳಕೊಂಡಿ. ಹೌದಿಲ್ಲೋ?"

"ಹೌದು."

"ಓದಿ ಸಾಲಿಗಿ ಹೋದಿ. ಮನಿಗಿ ಬಂದು ಉಂಡಿ."

 ಅಕ್ಕ ಸತ್ತ ಸುದ್ದಿ ಸುಳ್ಳಾಯಿತೆಂದು ಇಳಿದ ಭಾರ ಬೇರೊಂದು ರೂಪದಲ್ಲಿ ತಿರುಗಿ ಬಂದು ಮಾಸ್ತರರ ಎದೆಯ ಮೇಲೆ ಕೂತಿತ್ತು. ಕಾರ್ಡುಗಳೆಲ್ಲ ಸುಳ್ಳಾದವು, ಕಾರ್ಡು ಓದಿದ ತಾನು ಸುಳ್ಳಾಗಲಿಲ್ಲ. ಅವರು ತಲೆ ಎತ್ತದೆ ಹೇಳಿದರು: "ನೀ ಹೇಳಿ ಕಳಸ್ತಿ ಅಂತ ಕಾದೆ ಅಕ್ಕ."

"ನಾನೂ ಕಾದೆ" ಎಂದಳು ಚಂದಮ್ಮ. "ನನ್ನ ಸುದ್ದಿ ಬರೀಬ್ಯಾಡ ಅಂದಾಕಿ ನಾನೇ. ಅದು ನಂದು ತಪ್ಪು. ಅದನ್ನ ನಾ ಇಟ್ಕೋತೀನಿ. ನಿಂದು ನೀ ಇಟ್ಕೋ." ಅಷ್ಟು ಹೇಳಿ ರೊಟ್ಟಿ ಬಡಿಯಲು ಒಳಗೆ ಹೋದಳು.

ಊಟಕ್ಕೆ ಕೂತಾಗ ದೇವಿಂದ್ರಪ್ಪ ತುತ್ತು ಬಾಯಿಗೆ ಒಯ್ದವನು ಹಾಗೇ ನಿಂತ. "ಅಯ್ಯನೋರ, ತೆಂಗಳ್ಯಾಗ ಕುಣಿ ತೋಡ್ಲಿಕ್ಕ ಹೇಳೀರಲ್ಲ."

ಮಾಸ್ತರರ ಕೈಯಿಂದ ರೊಟ್ಟಿಯ ಚೂರು ಬಿತ್ತು. ಅವರು ಮರೆತೇಬಿಟ್ಟಿದ್ದರು.

"ಯಾರಿಗಿ ಕುಣಿ?" ಎಂದಳು ಚಂದಮ್ಮ.  ಉತ್ತರಕ್ಕೆ ಅವಳು ಕಾಯಲಿಲ್ಲ. ಒಲೆಯ ಮೇಲಿನ ರೊಟ್ಟಿ ಇಳಿಸಿ, "ಮುಂಜಾನೆ ನಾನೂ ಬರ್ತೀನಿ" ಎಂದಳು. ಬೇಡ ಎಂದು ಲಲಿತಾಬಾಯಿ ಅತ್ತಳು, ಅಪಶಕುನ ಎಂದು ಶಿವಕಾಂತಮ್ಮ ಹೇಳಿದಳು. ಚಂದಮ್ಮ ಕೇಳಲಿಲ್ಲ.

ಮರುದಿನ ಚಿತ್ತಾಪುರದಲ್ಲಿ ಬಸ್ಸು ಬದಲಿಸಿ ಮಾಸ್ತರರು, ಚಂದಮ್ಮ, ನೀಲಾ ಮೂವರೂ ತೆಂಗಳಿಯಲ್ಲಿ ಇಳಿದರು. ಶಿವಕಾಂತಮ್ಮನನ್ನು ದೇವಿಂದ್ರಪ್ಪ ಸೇಡಂಗೆ ಕರೆದೊಯ್ದಿದ್ದ. ಅಜ್ಜಿಯ ಜೊತೆ ಹಟ ಮಾಡಿ ಹೊರಟವಳು ನೀಲಾ. ಬಸ್ ನಿಲ್ಲುವ ಬೇವಿನ ಗಿಡದ ಕೆಳಗೆ ಚಂದಮ್ಮನ ಹಳೆಯ ನೆರೆಯವಳು ಭೀಮಮ್ಮ, ಹೆಣದ ಹಾದಿ ಕಾಯುತ್ತ ಇನ್ನೂ ಕೆಲವು ಹೆಂಗಸರೊಡನೆ ಕೂತಿದ್ದಳು. ಬಸ್ಸಿನ ಮೆಟ್ಟಿಲ ಮೇಲೆ ಮೊದಲು ಕಾಲಿಟ್ಟವಳು ಚಂದಮ್ಮ. ಭೀಮಮ್ಮ ಅವಳನ್ನು ನೋಡಿದಳು, ಪಕ್ಕದವಳನ್ನು ನೋಡಿದಳು, ತನಗೊಬ್ಬಳಿಗೇ ಕಾಣುತ್ತಿದೆಯೋ ಏನೋ ಎಂಬಂತೆ. ಆಮೇಲೆ ಸದ್ದಿಲ್ಲದೆ ಹಿಂದಕ್ಕೆ ಒರಗಿದಳು. ನೀರು ಚಿಮುಕಿಸಿ ಎಬ್ಬಿಸಬೇಕಾಯಿತು. ಎದ್ದ ಮೇಲೂ ಬಹಳ ಹೊತ್ತು ಚಂದಮ್ಮನ ಬೆರಳನ್ನು ಬಿಡಲಿಲ್ಲ.

ಊರು ಅವರ ಹಿಂದೆ ಬಂತು. ಗಂಡನ ಸಮಾಧಿಯ ಪಕ್ಕದಲ್ಲಿ ಹೊಸ ಕುಣಿ ಬಾಯಿ ತೆರೆದಿತ್ತು. ಕರಿಮಣ್ಣು ದಂಡೆಯಲ್ಲಿ ರಾಶಿ ಬಿದ್ದಿತ್ತು. ಹಣಮಪ್ಪ ನೇರವಾಗಿ, ಅಂದವಾಗಿ ತೋಡಿದ್ದ. ಹೆಣವನ್ನು ಕೂರಿಸಲು ಒಳಗೆ ಒಂದು ಗೂಡನ್ನೂ ಕೆತ್ತಿದ್ದ. ಬದುಕಿದವಳು ಬಂದು ನೋಡುತ್ತಾಳೆಂದು ಅವನೇನು ಬಲ್ಲ. ಸಲಿಕೆ ಹಿಡಿದು ತಲೆ ತಗ್ಗಿಸಿ ನಿಂತಿದ್ದ.

ಚಂದಮ್ಮ ದಂಡೆಗೆ ಬಂದು ಬಗ್ಗಿ ನೋಡಿದಳು. ವಾಡಿಯಲ್ಲಿ ನಕ್ಕವಳು ಇಲ್ಲಿ ನಗಲಿಲ್ಲ. ಪಕ್ಕದಲ್ಲಿದ್ದ ಮಾಸ್ತರರು ಅವಳನ್ನು ಹಿಡಿಯಲು ಕೈ ಚಾಚಿದರು. ಅವಳು ನೀಲಾಳ ಭುಜ ಹಿಡಿದಳು.

"ಭಾಳ ತಂಪದ ಅನಸ್ತದ ಒಳಗ" ಎಂದಳು, ಯಾರಿಗೂ ಅಲ್ಲ.

ತೋಡಿದ ಕುಣಿಯನ್ನು ಬರಿದೆ ಮುಚ್ಚಬಾರದು, ಒರಳುಕಲ್ಲಾದರೂ ಹಾಕಿ ಮುಚ್ಚಬೇಕು ಎಂದು ಹಿರಿಯರೊಬ್ಬರು ಹೇಳಿದರು. ಇನ್ನೊಬ್ಬರು ಮಠಕ್ಕೆ ಹೋಗಿ ಕೇಳೋಣ ಎಂದರು. ಚಂದಮ್ಮ ಎಲ್ಲರ ಮಾತನ್ನೂ ಕೇಳಿ, ಹಣಮಪ್ಪನ ಕೈಯಿಂದ ಸಲಿಕೆ ತೆಗೆದುಕೊಂಡು ತಮ್ಮನ ಕಡೆ ಚಾಚಿದಳು.

"ತೋಡಸಿದಾಂವ ನೀನು. ನೀನೇ ಮುಚ್ಚು."

ಹಣಮಪ್ಪ ಮುಂದೆ ಬಂದ. "ಅವ್ವಾ, ಅಯ್ಯನೋರಿಗಿ ಇದು ರೂಢಿಲ್ಲ. ನಾ ಮುಚ್ಚತೀನಿ ಬಿಡ್ರಿ."

"ಬ್ಯಾಡ ಹಣಮಪ್ಪಾ" ಎಂದರು ಮಾಸ್ತರರು. ಕೋಟು ತೆಗೆದು ನೀಲಾಳ ಕೈಗೆ ಕೊಟ್ಟು, ಧೋತರ ಮೇಲಕ್ಕೆ ಕಟ್ಟಿದರು. ಮೊದಲ ಸಲಿಕೆ ಮಣ್ಣು ಸದ್ದು ಮಾಡಿ ಕೆಳಗೆ ಬಿತ್ತು. ಈ ಸದ್ದನ್ನು ಇಂದು ಬೇರೆ ರೀತಿಯಲ್ಲಿ ಕೇಳಲೆಂದೇ ಮನೆಯಿಂದ ಹೊರಟಿದ್ದರು. ಕರಿಮಣ್ಣು ಸಲಿಕೆಗೆ ಅಂಟಿ ಬಿಡದು. ಸ್ವಲ್ಪ ಹೊತ್ತಿಗೇ ಅಂಗೈಗೆ ಬೊಬ್ಬೆ ಬಂತು. ಬೆವರು ಕಣ್ಣಿಗಿಳಿಯಿತು. ಸಮಾಧಿಯ ಕಟ್ಟೆಯ ಮೇಲೆ ಚಂದಮ್ಮ ಕಾಲು ಚಾಚಿ ಕೂತಳು. ಹೆಂಗಸರು ಸುತ್ತ ಕವಿದರು. ತನ್ನ ಮೊಣಕಾಲು ನೋವು, ಸರ್ವರಬೇಗಂಳ ಮಗನಿಗೆ ಶಹಾಬಾದದಲ್ಲಿ ನೌಕರಿ ಸಿಕ್ಕಿದ್ದು ಎಲ್ಲ ಅವಳು ಹೇಳುತ್ತಿದ್ದಳು. ಕಾರ್ಡಿನಲ್ಲಿ ಬಾರದ ಸುದ್ದಿಯೆಲ್ಲ ಮಾಸ್ತರರ ಕಿವಿಗೆ ಬೀಳುತ್ತಿತ್ತು. ಮೊಣಕಾಲು ನೋವೆಂಬುದು ಅವರಿಗೆ ಈಗ ಗೊತ್ತಾಯಿತು.

"ಯಾವ ಕಾಲು ಅಕ್ಕ?" ಎಂದು ಸಲಿಕೆ ಊರಿ ಕೇಳಿದರು.

"ಎಡದ್ದು" ಎಂದಳು ಚಂದಮ್ಮ. "ಮಣ್ಣು ಹಾಕು, ಹೊತ್ತಾಗ್ತದ. ಬಸ್ಸು ತಪ್ಪಿದರ ಭೀಮಮ್ಮನ ಮನಿಯಾಗ ಇರಬೇಕಾಗ್ತದ."

"ಇದ್ದರಾಯಿತು" ಎಂದಳು ಭೀಮಮ್ಮ.

ಮಾಸ್ತರರು ಮತ್ತೆ ಬಗ್ಗಿದರು. ಕುಣಿ ಇನ್ನೂ ಅರ್ಧವೂ ತುಂಬಿರಲಿಲ್ಲ. ಹಣಮಪ್ಪ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಸಂಕೋಚದಿಂದಲೇ ಬೆರಳು ಮಾಡಿ ತೋರಿಸಿದ. "ಅಯ್ಯನೋರ, ಆ ಮೂಲ್ಯಾಗ ಮೊದಲ ಹಾಕ್ರಿ. ಅಲ್ಲಿ ಭಾಳ ತೆಗ್ಗದ."